ಹೊಸ .308 ರೈಫಲ್: ಬ್ಯಾರೆಲ್ ಪಳಗಿಸಿದ್ದು, ಸ್ಟಾಕ್ ಅಳೆದು ನೋಡಿದ್ದು

ಹೊಸ ಬೋಲ್ಟ್ ಆಕ್ಷನ್ ರೈಫಲ್ ಪೆಟ್ಟಿಗೆಯಿಂದ ಹೊರಬಂದಾಗ ಅದರ ಬ್ಯಾರೆಲ್ ಒಳಗೆ ಎಣ್ಣೆ ಇರುತ್ತದೆ. ಗೋದಾಮಿನಲ್ಲಿ ತುಕ್ಕು ಹಿಡಿಯದಿರಲಿ ಎಂದು ಕಾರ್ಖಾನೆಯಲ್ಲಿ ಬಳಿದದ್ದು. ಬೋರ್‌ನಲ್ಲಿ (ಬ್ಯಾರೆಲ್‌ನ ಒಳಕೊಳವೆ) ಅಥವಾ ಚೇಂಬರ್‌ನಲ್ಲಿ (ಗುಂಡು ಕೂರುವ ಹಿಂಬದಿಯ ಗೂಡು) ಎಣ್ಣೆ ಉಳಿದಿರುವಾಗಲೇ ಗುಂಡು ಹಾರಿಸಿದರೆ ಒತ್ತಡ ಏರಬಹುದು. ಚೇಂಬರ್ ಗೋಡೆಯನ್ನು ಹಿಡಿದು ನಿಲ್ಲಬೇಕಾದ ಗುಂಡಿನ ಹಿತ್ತಾಳೆ ಕೇಸ್ ಎಣ್ಣೆಯ ಮೇಲೆ ಜಾರಿ, ಬೋಲ್ಟ್ ಮುಖದ ಮೇಲೆ ಹೆಚ್ಚು ಭಾರ ಹಾಕುತ್ತದೆ. ಹಾಗಾಗಿ ಮೊದಲ ಕೆಲಸ ರೇಂಜ್‌ನಲ್ಲಲ್ಲ, ಮನೆಯ ಮೇಜಿನ ಮೇಲೆ.

ಇಲ್ಲಿ ಹೇಳುತ್ತಿರುವುದು ಟೆಕ್ಸಾಸ್‌ನಲ್ಲಿ ಕೊಂಡ ಒಂದು .308 ವಿಂಚೆಸ್ಟರ್ ರೈಫಲ್‌ನ ಮಾತು. ರೆಮಿಂಗ್ಟನ್ 700 ನಮೂನೆಯ ಶಾರ್ಟ್ ಆಕ್ಷನ್ (ಬೋಲ್ಟ್ ಓಡುವ ಯಂತ್ರಭಾಗ), 24 ಇಂಚಿನ ದಪ್ಪ ಬ್ಯಾರೆಲ್, ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಸ್ಟಾಕ್, ಅಂದರೆ ಆಕ್ಷನ್ ಕೂರುವ, ಭುಜಕ್ಕೆ ಆನಿಸುವ ಹಿಡಿಕೆ. 1962ರಲ್ಲಿ ಬಂದ ಆ 700ರ ಅಳತೆಗಳನ್ನೇ ಇಂದು ಬೇರೆ ಬೇರೆ ಕಂಪನಿಗಳೂ ಬಳಸುವುದರಿಂದ ಬಿಡಿ ಸ್ಟಾಕ್‌ಗಳ ಮಾರುಕಟ್ಟೆ ಇದಕ್ಕಿರುವಷ್ಟು ಬೇರೆ ಯಾವ ಆಕ್ಷನ್‌ಗೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ಕಾನೂನಿನ ಒಂದು ಅಂಶವನ್ನು ಮೊದಲೇ ತಿಳಿದಿರಬೇಕು. ಗ್ರೀನ್ ಕಾರ್ಡ್ ಇದ್ದವರು ಫಾರ್ಮ್ 4473 (ಬಂದೂಕು ಖರೀದಿಯ ಫೆಡರಲ್ ನಮೂನೆ) ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಫೆಡರಲ್ ಕಾನೂನು ಬಂದೂಕನ್ನೂ ಗುಂಡುಗಳನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಎರವಲು ಪಡೆಯುವುದಕ್ಕೂ ಬಾಡಿಗೆಗೆ ತೆಗೆದುಕೊಳ್ಳುವುದಕ್ಕೂ ಇದೇ ನಿಯಮ. ಇನ್ನು ಸ್ಟಾಕ್ ವಿಷಯಕ್ಕೆ ಬಂದರೆ, ಅಲ್ಲಿ ಕಾನೂನಿನ ಲೆಕ್ಕದಲ್ಲಿ ಬಂದೂಕು ಎಂದರೆ ರಿಸೀವರ್, ಬೋಲ್ಟ್ ಕೂರುವ ಲೋಹದ ಚೌಕಟ್ಟು. ಸ್ಟಾಕ್ ಬರೀ ಬಿಡಿಭಾಗ, ಕೊರಿಯರ್‌ನಲ್ಲಿ ನೇರ ಮನೆಗೆ ಬರುತ್ತದೆ.

ಮೇಜಿನ ಕೆಲಸ ಶುರುವಾಗುವುದು ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳು ಹಾಕಿ ಖಾತ್ರಿ ಮಾಡಿಕೊಳ್ಳುವುದರಿಂದ. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಬೋಲ್ಟ್ ತೆಗೆದು ಬೋರ್ ಗೈಡ್ ಕೂರಿಸಿದೆ. ಚೇಂಬರ್‌ಗೆ ಹೊಂದಿ ಕೂರುವ ಪ್ಲಾಸ್ಟಿಕ್ ಕೊಳವೆ ಇದು. ರಾಡ್ ಬಾಗಿ ಥ್ರೋಟ್‌ಗೆ (ಚೇಂಬರ್ ಮುಂದೆ ಬೋರ್ ಶುರುವಾಗುವ ಜಾಗ) ಉಜ್ಜದಂತೆ ತಡೆಯುತ್ತದೆ, ದ್ರಾವಣ ಟ್ರಿಗರ್ ಒಳಗೆ ಇಳಿಯದಂತೆಯೂ ನೋಡಿಕೊಳ್ಳುತ್ತದೆ. ಟ್ರಿಗರ್‌ಗೆ ಇಳಿದ ದ್ರಾವಣ ಒಣಗಿ ಅಂಟಾಗುತ್ತದೆ, ಚಳಿಗಾಲದಲ್ಲಿ ಟ್ರಿಗರ್ ಜಡವಾಗುತ್ತದೆ, ಕೆಲವೊಮ್ಮೆ ಹಿಡಿದುಕೊಳ್ಳುವುದೇ ಇಲ್ಲ. ಇದಕ್ಕೆ ದುಡ್ಡು ಉಳಿಸಲು ಹೋಗಬಾರದು. ರಾಡ್ ಕೂಡ ಜೋಡಿಸುವಂಥದ್ದು ಬೇಡ, ಮೇಲೆ ಲೇಪನವಿರುವ ಒಂದೇ ತುಂಡಿನದು, 36 ಇಂಚಿನದು ಸಾಕು. ಯಾವಾಗಲೂ ಹಿಂದಿನಿಂದ ಮುಂದಕ್ಕೆ. ಬ್ಯಾರೆಲ್‌ನ ಬಾಯಿಂದ ರಾಡ್ ತೂರಿಸಿದರೆ ಕ್ರೌನ್ ಸವೆಯುತ್ತದೆ. ಗುಂಡು ಕಟ್ಟಕಡೆಗೆ ಬಿಟ್ಟುಹೋಗುವ ಅಂಚು ಅದು. ಅಲ್ಲಿ ಒಂದು ಬದಿ ಕಿತ್ತರೆ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ತಳ್ಳುತ್ತದೆ.

ದ್ರಾವಣದಲ್ಲಿ ನೆನೆಸಿದ ಬಟ್ಟೆತುಂಡು, ಅಂದರೆ ಒದ್ದೆ ಪ್ಯಾಚ್ ಎರಡು, ಒಣ ಪ್ಯಾಚ್ ಕೊಳೆಯಿಲ್ಲದೆ ಬರುವವರೆಗೆ. ಹೊಸ ಬ್ಯಾರೆಲ್‌ನಿಂದ ಕಪ್ಪು ಪ್ಯಾಚ್ ಬಂದರೆ ಗಾಬರಿ ಬೇಡ, ಕಾರ್ಖಾನೆಯ ಪರೀಕ್ಷಾ ಗುಂಡುಗಳ ಮಸಿ ಅದು. ಬೋಲ್ಟ್ ಲಗ್‌ಗಳ (ಬೋಲ್ಟ್ ಅನ್ನು ಬೀಗದಂತೆ ಹಿಡಿಯುವ ಹಲ್ಲುಗಳು) ಹಿಂಬದಿಗೂ ಕಾಕಿಂಗ್ ಕ್ಯಾಮ್‌ಗೂ (ಫೈರಿಂಗ್ ಪಿನ್ ಅನ್ನು ಹಿಂದಕ್ಕೆಳೆಯುವ ಓರೆ) ಅಕ್ಕಿಕಾಳಿನಷ್ಟು ಗ್ರೀಸ್. ಲಗ್‌ಗಳ ಹಿಂಬದಿಗೆ ಮಾರ್ಕರ್ ಮಸಿ ಬಳಿದು, ಬೋಲ್ಟ್‌ಗೆ ಹಿಂದಕ್ಕೆ ಒತ್ತಡ ಕೊಡುತ್ತ ಹಲವು ಸಲ ಮುಚ್ಚಿ ತೆರೆದರೆ ಎರಡೂ ಲಗ್ ಸಮನಾಗಿ ಕೂರುತ್ತಿವೆಯೇ ಎಂಬುದು ಗೊತ್ತಾಗುತ್ತದೆ. ಒಂದರಲ್ಲಿ ಮಾತ್ರ ಮಸಿ ಅಳಿಸಿದ್ದರೆ ಗನ್‌ಸ್ಮಿತ್‌ಗೆ ತೋರಿಸುವ ವಿಷಯ. ಸ್ವತಃ ಉಜ್ಜಲು ಹೋಗಬಾರದು, ಹೆಡ್‌ಸ್ಪೇಸ್ (ಬೋಲ್ಟ್ ಮುಖದಿಂದ ಚೇಂಬರ್‌ನಲ್ಲಿ ಕೇಸ್ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಬದಲಾಗುತ್ತದೆ. ಬೋಲ್ಟ್ ಒರಟಾಗಿ ಓಡುತ್ತಿದ್ದರೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಗುಂಡು) ಹಾಕಿಕೊಂಡು ಟಿವಿ ನೋಡುತ್ತ ಇನ್ನೂರು ಮುನ್ನೂರು ಸಲ ಎಳೆದು ತಳ್ಳಿದರೆ ಸಾಕು, ಯಾವ ಪೇಸ್ಟೂ ಬೇಡ.

ಸ್ಕೋಪ್ ಕೂರಿಸುವಾಗ ಇಂಚು-ಪೌಂಡ್ ಟಾರ್ಕ್ ವ್ರೆಂಚ್ ಇಲ್ಲದೆ ಕೈಹಾಕಲಿಲ್ಲ. ರೈಫಲ್ ಮೇಲೆ ಕೂರುವ ಬೇಸ್‌ನ 6-48 ಸ್ಕ್ರೂಗಳಿಗೆ 20ರ ಆಸುಪಾಸು, ಸ್ಕೋಪ್ ಹಿಡಿಯುವ ರಿಂಗ್ ಮುಚ್ಚಳದ ಸ್ಕ್ರೂಗಳಿಗೆ 15ರಿಂದ 18. ಬೇಸ್ ಸ್ಕ್ರೂಗಳ ತೂತಿನಲ್ಲಿ ಕಾರ್ಖಾನೆಯ ಎಣ್ಣೆ ಉಳಿದಿದ್ದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ತಡೆಯುವ ಅಂಟು) ಹಿಡಿಯುವುದಿಲ್ಲ, ಮೊದಲು ಆಲ್ಕೋಹಾಲ್‌ನಿಂದ ತೊಳೆಯಬೇಕು. "ಹೊಸ ರೈಫಲ್ ಗುರಿ ನಿಲ್ಲುತ್ತಿಲ್ಲ" ಎಂಬ ದೂರುಗಳಲ್ಲಿ ದೊಡ್ಡ ಪಾಲು ಬ್ಯಾರೆಲ್ಲಿನದೂ ಅಲ್ಲ, ಸ್ಟಾಕಿನದೂ ಅಲ್ಲ, ಬೇಸ್‌ನ ಈ ನಾಲ್ಕು ಸ್ಕ್ರೂಗಳದು.

ಈಗ ಪಳಗಿಸುವ ವಿಚಾರ. ಇದರ ಬಗ್ಗೆ ಬ್ಯಾರೆಲ್ ಮಾಡುವವರಲ್ಲೇ ಒಮ್ಮತವಿಲ್ಲ. ವಿಸ್ಕಾನ್ಸಿನ್‌ನ ಕ್ರೀಗರ್ ಕಂಪನಿ ಕೊಡುವ ವಿವರಣೆ ಹೀಗಿದೆ: ಬೋರ್ ಅನ್ನು ಉದ್ದಕ್ಕೆ ಲ್ಯಾಪ್ ಮಾಡಿ ನುಣುಪಾಗಿಸಿದ್ದರೂ, ಆಮೇಲೆ ಚೇಂಬರ್ ಕೊರೆಯುವ ರೀಮರ್ ಥ್ರೋಟ್‌ನಲ್ಲಿ ಅಡ್ಡ ಗೆರೆಗಳನ್ನು ಉಳಿಸುತ್ತದೆ. ಆ ಗೆರೆಗಳು ಗುಂಡಿನ ತಾಮ್ರದ ಹೊದಿಕೆಯನ್ನು ಕೆರೆಯುತ್ತವೆ. ಕೆರೆದ ತಾಮ್ರ ಬಿಸಿ ಅನಿಲದಲ್ಲಿ ಆವಿಯಾಗಿ ಬ್ಯಾರೆಲ್ ಉದ್ದಕ್ಕೂ ಕೂರುತ್ತದೆ. ಗುಂಡುಗಳೇ ಕ್ರಮೇಣ ಥ್ರೋಟ್ ಅನ್ನು ನಯ ಮಾಡುತ್ತವೆ. ಅಷ್ಟರವರೆಗೆ ತಾಮ್ರದ ಪದರದ ಮೇಲೆ ಪದರ ಕಟ್ಟದಂತೆ ಆಗಾಗ ತೊಳೆಯುವುದೇ ಪಳಗಿಸುವಿಕೆ. ಇದಕ್ಕೆ ಎದುರು ಮಾತು ಇನ್ನೊಬ್ಬ ಬ್ಯಾರೆಲ್ ತಯಾರಕ ಗೇಲ್ ಮ್ಯಾಕ್‌ಮಿಲನ್ ಅವರದು. ಅವರ ಪ್ರಕಾರ ಇದು ಬ್ಯಾರೆಲ್‌ನ ಆಯುಷ್ಯವನ್ನು ಸುಮ್ಮನೆ ಕಳೆಯುವ ಆಚರಣೆ.

ಎರಡೂ ಮಾತನ್ನು ಒಂದೇ ಬ್ಯಾರೆಲ್‌ನಲ್ಲಿ ಪರೀಕ್ಷಿಸಲು ಬರುವುದಿಲ್ಲ. ತೊಳೆದು ಪಳಗಿಸಿದ ಬ್ಯಾರೆಲ್ ತೊಳೆಯದಿದ್ದರೆ ಹೇಗಿರುತ್ತಿತ್ತು ಎಂದು ಯಾರೂ ತೋರಿಸಲಾರರು. ಅದಕ್ಕೇ ಈ ಜಗಳ ಮುಗಿಯುವುದಿಲ್ಲ. ಕ್ರೋಮ್ ಲೇಪಿತ ಬ್ಯಾರೆಲ್‌ಗೆ ಇದರ ಅಗತ್ಯವೇ ಇಲ್ಲ. ಸುತ್ತಿಗೆ ಬಡಿದು ರೂಪಿಸಿದ ಕೆಲವು ಬ್ಯಾರೆಲ್‌ಗಳಲ್ಲಿ ಚೇಂಬರ್ ಕೂಡ ಅದೇ ಏಟಿಗೆ ಮೂಡುತ್ತದೆ, ಅಲ್ಲಿ ರೀಮರ್ ಗೆರೆಗಳ ವಾದ ಸೊರಗುತ್ತದೆ. ಸ್ಟೇನ್‌ಲೆಸ್‌ಗಿಂತ ಕ್ರೋಮ್-ಮಾಲಿ ಉಕ್ಕು ನಯವಾಗಲು ಹೆಚ್ಚು ಗುಂಡು ಬೇಡುತ್ತದೆ. ಒಂದು ಕ್ಯಾಮೆರಾ ಬೋರ್‌ಸ್ಕೋಪ್ ಇಳಿಸಿ ನೋಡಿದರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಈಗ ಅವು ಫೋನಿಗೆ ಜೋಡಿಸುವಷ್ಟು ಅಗ್ಗವಾಗಿವೆ. ಇದರ ಥ್ರೋಟ್‌ನಲ್ಲಿ ಅಡ್ಡ ಗೆರೆಗಳು ನಿಚ್ಚಳವಾಗಿ ಕಂಡವು.

ಹಾಗಾಗಿ ಮಧ್ಯದ ದಾರಿ ಹಿಡಿದೆ. ಮೊದಲ ಐದು ಗುಂಡು ಒಂದೊಂದಕ್ಕೂ ತೊಳೆಯುವುದು, ಆಮೇಲೆ ಮೂರು ಮೂರರ ಕೆಲವು ಸುತ್ತು. ತೊಳೆಯುವ ಕ್ರಮದಲ್ಲಿ ಅವಸರ ಮಾಡಿದರೆ ಇಡೀ ಕೆಲಸ ವ್ಯರ್ಥ. ಮೊದಲು ಹಾಪ್ಸ್ ನಂ. 9ರಂಥ ಸಾಮಾನ್ಯ ದ್ರಾವಣದ ಪ್ಯಾಚ್‌ನಿಂದ ಮದ್ದಿನ ಮಸಿ ತೆಗೆಯಬೇಕು, ಏಕೆಂದರೆ ಮಸಿಯ ಕೆಳಗಿನ ತಾಮ್ರಕ್ಕೆ ದ್ರಾವಣ ಮುಟ್ಟುವುದಿಲ್ಲ. ಕಂಚಿನ ಬ್ರಷ್ ಹಾಕಿದರೆ ಬೋರ್ ಮಧ್ಯದಲ್ಲಿ ದಿಕ್ಕು ತಿರುಗಿಸಬಾರದು, ಪೂರ್ತಿ ಹೊರಬಂದ ಮೇಲೇ ಹಿಂದಕ್ಕೆ ಎಳೆಯಬೇಕು. ಆಮೇಲೆ ಅಮೋನಿಯಾ ಇರುವ ತಾಮ್ರದ ದ್ರಾವಣ, ಸ್ವೀಟ್ಸ್ 7.62 ಥರದ್ದು. ಕೆಲವೇ ನಿಮಿಷ ಬಿಟ್ಟು ಒಣ ಪ್ಯಾಚ್ ತಳ್ಳಿದರೆ ನೀಲಿ ಬಣ್ಣ ಬರುತ್ತದೆ. 15 ನಿಮಿಷ ಮೀರಿ ಬಿಡಬಾರದು. ಕೊನೆಗೆ ಆಲ್ಕೋಹಾಲ್ ಪ್ಯಾಚ್, ಒಣ ಪ್ಯಾಚ್, ಮುಂದಿನ ಗುಂಡು.

ಒಂದು ಸಣ್ಣ ಮೋಸ ಇಲ್ಲಿದೆ. ರಾಡ್ ತುದಿಯಲ್ಲಿ ಪ್ಯಾಚ್ ಹಿಡಿಯುವ ಜ್ಯಾಗ್ ಹಿತ್ತಾಳೆಯದಾದರೆ ಅಮೋನಿಯಾ ಆ ಜ್ಯಾಗ್‌ನಲ್ಲಿರುವ ತಾಮ್ರವನ್ನೇ ಕರಗಿಸಿ ಪ್ಯಾಚ್‌ಗೆ ನೀಲಿ ಬಣ್ಣ ಹಚ್ಚುತ್ತದೆ. ಬ್ಯಾರೆಲ್ ಶುದ್ಧವಾಗಿದ್ದರೂ ನೀಲಿ ನಿಲ್ಲದು. ಎಷ್ಟೋ ಜನ ಇಡೀ ಸಂಜೆ ಉಜ್ಜುವುದು ಜ್ಯಾಗ್‌ನ ತಾಮ್ರವನ್ನೇ. ನೈಲಾನ್ ಅಥವಾ ನಿಕಲ್ ಲೇಪದ ಜ್ಯಾಗ್ ಬೇಕು. ಕಂಚಿನ ಬ್ರಷ್‌ಗೂ ಅಮೋನಿಯಾ ತಾಗಬಾರದು. ಕೈಗವಸು, ಗಾಳಿ ಆಡುವ ಜಾಗ ಎರಡೂ ಕಡ್ಡಾಯ. ಬ್ಲೀಚ್ ಇರುವ ಯಾವ ಪದಾರ್ಥವೂ ಹತ್ತಿರ ಇರಕೂಡದು, ಅಮೋನಿಯಾ ಜೊತೆ ಸೇರಿದರೆ ವಿಷಾನಿಲ. ಪ್ರೈಮರ್‌ನಲ್ಲಿ ಸೀಸ ಇರುವುದರಿಂದ ಊಟಕ್ಕೆ ಮುಂಚೆ ತಣ್ಣೀರು, ಸಾಬೂನು.

ಒಂದು ಗುಂಡಿನ ಸುತ್ತುಗಳಲ್ಲಿ ನೀಲಿ ಗಾಢವಾಗಿತ್ತು. ಮೂರರ ಸುತ್ತು ಬರುವಷ್ಟರಲ್ಲಿ ತಿಳಿಯಾಗಿ, ಕಡೆಕಡೆಗೆ ಮೂರು ಗುಂಡಿನ ತಾಮ್ರ ಮೊದಲ ಒಂದು ಗುಂಡಿನದಕ್ಕಿಂತ ಕಡಿಮೆ ಇತ್ತು. ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸುವ ಗುರುತು ಗುಂಡಿನ ಎಣಿಕೆ ಆಗಬಾರದು, ಪ್ಯಾಚ್ ಹೇಳಬೇಕು. ನೂರು ಗುಂಡಿನ ವೇಳಾಪಟ್ಟಿ ಹಾಕಿಕೊಂಡು ಕೂರುವವರಿದ್ದಾರೆ. .308 ಬ್ಯಾರೆಲ್ ನಾಲ್ಕೈದು ಸಾವಿರ ಗುಂಡು ಬಾಳುವಂಥದ್ದು, ನೂರು ಹೋದರೆ ದೊಡ್ಡ ನಷ್ಟವಿಲ್ಲ, ಆದರೆ ಅತಿಯಾಗಿ ರಾಡ್ ಆಡಿಸುವುದರಿಂದ ಆಗುವ ಹಾನಿ ತಾಮ್ರದಿಂದ ಆಗುವುದಕ್ಕಿಂತ ಹೆಚ್ಚು.

ಈ ಸುತ್ತುಗಳಿಗೆ ದುಬಾರಿ ಗುಂಡು ಬೇಕಿಲ್ಲ. ತಾಮ್ರದ ಹೊದಿಕೆಯ ಅಗ್ಗದ ಫುಲ್ ಮೆಟಲ್ ಜಾಕೆಟ್ ಸಾಕು. ಅಯಸ್ಕಾಂತ ಹಿಡಿದು ನೋಡಿ ಕೊಳ್ಳುವುದು ಒಳ್ಳೆಯದು. ಒಳಗೆ ಉಕ್ಕಿನ ಹೊದಿಕೆ ಇರುವ ಗುಂಡನ್ನು ಅನೇಕ ರೇಂಜ್‌ಗಳು ಬಿಡುವುದಿಲ್ಲ. ಆ ಗುಂಡುಗಳನ್ನು ಸ್ಕೋಪ್ ಹೊಂದಿಸಲೂ ಬಳಸಿಕೊಂಡೆ. ಬೋಲ್ಟ್ ತೆಗೆದು ಬೋರ್ ಮೂಲಕ 25 ಗಜದ ಗುರಿ ನೋಡಿ, ರೈಫಲ್ ಅಲುಗದಂತೆ ಇಟ್ಟು ಸ್ಕೋಪ್‌ನ ಗೆರೆಯನ್ನು ಅದೇ ಬಿಂದುವಿಗೆ ತಂದರೆ ಮೊದಲ ಗುಂಡೇ ಕಾಗದದ ಮೇಲೆ ಬೀಳುತ್ತದೆ. ಆಮೇಲೆ 100 ಗಜ. ಅಲ್ಲಿ ಒಂದು ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಎಂದರೆ 1.047 ಇಂಚು, ಕಾಲು ಎಂಒಎ ಸ್ಕೋಪ್‌ನಲ್ಲಿ ನಾಲ್ಕು ಕ್ಲಿಕ್.

ನಿಖರತೆ ಅಳೆಯುವುದು ಬೇರೆಯೇ ಕೆಲಸ, ಅದಕ್ಕೆ ಒಂದೇ ಲಾಟ್‌ನ 168 ಗ್ರೇನ್ ಮ್ಯಾಚ್ ಗುಂಡು. ಈಗಷ್ಟೇ ತೊಳೆದ ಬ್ಯಾರೆಲ್‌ನ ಮೊದಲ ಎರಡು ಮೂರು ಗುಂಡು ಬೇರೆ ಕಡೆ ಬೀಳುವುದು ಸಹಜ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಮೂರು ಗುಂಡಿನ ಗುಂಪು (ಕಾಗದದ ಮೇಲೆ ಒಂದೇ ಗುರಿಗೆ ಬಿದ್ದ ತೂತುಗಳು) ನೋಡಿ ತೀರ್ಮಾನಕ್ಕೆ ಬರುವುದು ಅದೃಷ್ಟದ ಆಟ. ಐದರ ಗುಂಪು ಕನಿಷ್ಠ, ಹತ್ತರದು ನಂಬಲರ್ಹ. ಟೆಕ್ಸಾಸ್‌ನ ಬೇಸಿಗೆಯಲ್ಲಿ ದಪ್ಪ ಬ್ಯಾರೆಲ್ ತಣಿಯಲು ಬಹಳ ಹೊತ್ತು ಬೇಕು. ಕೈಯಿಟ್ಟು ಐದು ಎಣಿಸಲಾಗದಷ್ಟು ಬಿಸಿ ಇದ್ದರೆ ಬೋಲ್ಟ್ ತೆರೆದಿಟ್ಟು ಕಾಯಲೇಬೇಕು. ಇಲ್ಲದಿದ್ದರೆ ಸ್ಕೋಪ್‌ನಲ್ಲಿ ಕಾಣುವ ಬಿಸಿಗಾಳಿಯ ಅಲೆಯೇ ಗುರಿಯನ್ನು ಮೇಲೆತ್ತಿ ತೋರಿಸುತ್ತದೆ.

ಈಗ ಸ್ಟಾಕ್. ಹೊಸ ರೈಫಲ್ ಕೊಂಡವರು ಗುಂಡು ಹಾರಿಸುವ ಮೊದಲೇ ಸ್ಟಾಕ್ ಆರ್ಡರ್ ಮಾಡುವುದು ವಾಡಿಕೆಯಾಗಿಬಿಟ್ಟಿದೆ. ಆಮೇಲೆ ಗುಂಪು ಬಿಗಿಯಾದರೆ ಸ್ಟಾಕ್‌ಗೆ ಕೀರ್ತಿ, ಬಿಡಿಸಿಕೊಂಡರೆ ಬ್ಯಾರೆಲ್‌ಗೆ ಬೈಗುಳ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಇರುವ ಸ್ಟಾಕ್ ನಿಜಕ್ಕೂ ಏನು ತಪ್ಪು ಮಾಡುತ್ತಿದೆ ಎಂದು ಮೊದಲು ಅಳೆಯಬೇಕು. ಅದಕ್ಕೆ ಮೂರು ಪರೀಕ್ಷೆ ಸಾಕು.

ಮೊದಲನೆಯದು ಡಾಲರ್ ನೋಟು. ಅದನ್ನು ಬ್ಯಾರೆಲ್ ಕೆಳಗೆ ತೂರಿಸಿ ಫೋರ್‌ಎಂಡ್ (ಸ್ಟಾಕ್‌ನ ಮುಂಭಾಗ) ತುದಿಯಿಂದ ರಿಕಾಯಿಲ್ ಲಗ್ (ಒದೆತವನ್ನು ಸ್ಟಾಕ್‌ಗೆ ದಾಟಿಸುವ, ಆಕ್ಷನ್ ಕೆಳಗಿನ ಲೋಹದ ಗಟ್ಟಿ) ಹತ್ತಿರದವರೆಗೆ ಎಳೆದರೆ ಎಲ್ಲೂ ಸಿಕ್ಕಬಾರದು. ಬರೀ ಮೇಜಿನ ಮೇಲಿಟ್ಟು ನೋಡಿದರೆ ಸಾಲದು. ಬೈಪಾಡ್ (ಮುಂಭಾಗದ ಎರಡು ಕಾಲಿನ ಆನಿಕೆ) ಮೇಲೆ ಭಾರ ಹಾಕಿ, ಸ್ಲಿಂಗ್ ಎಳೆದು ಮತ್ತೆ ನೋಡಬೇಕು. ಕಡಿಮೆ ಬೆಲೆಯ ಅಚ್ಚಿನ ಸ್ಟಾಕ್‌ಗಳ ಫೋರ್‌ಎಂಡ್ ಹೆಬ್ಬೆರಳಿನ ಒತ್ತಡಕ್ಕೇ ಬಾಗಿ ಬ್ಯಾರೆಲ್ ಮುಟ್ಟುತ್ತದೆ. ಇದರದ್ದೂ ಅದೇ ಕಥೆ: ಸುಮ್ಮನಿದ್ದಾಗ ನೋಟು ಸಲೀಸಾಗಿ ಓಡುತ್ತಿತ್ತು, ಬೈಪಾಡ್‌ಗೆ ಮೈಭಾರ ಕೊಟ್ಟ ಕ್ಷಣ ಸಿಕ್ಕಿಕೊಂಡಿತು.

ಎರಡನೆಯದು ಸ್ಕ್ರೂ ಪರೀಕ್ಷೆ. ರೈಫಲ್ ಅನ್ನು ಬುಡದ ಮೇಲೆ ನೆಟ್ಟಗೆ ನಿಲ್ಲಿಸಿ, ಫೋರ್‌ಎಂಡ್ ತುದಿಯೂ ಬ್ಯಾರೆಲ್ಲೂ ಸೇರುವಲ್ಲಿ ಬೆರಳಿಟ್ಟು, ಮುಂದಿನ ಆಕ್ಷನ್ ಸ್ಕ್ರೂ (ಆಕ್ಷನ್ ಅನ್ನು ಸ್ಟಾಕ್‌ಗೆ ಬಿಗಿಯುವುದು) ಸಡಿಲಿಸಿ ಬಿಗಿಯಬೇಕು. ಬ್ಯಾರೆಲ್ ಏಳುವುದು ಕೂರುವುದು ಬೆರಳಿಗೆ ತಿಳಿದರೆ ಸ್ಕ್ರೂ ಆಕ್ಷನ್ ಅನ್ನೇ ಬಗ್ಗಿಸುತ್ತಿದೆ ಎಂದರ್ಥ. ಡಯಲ್ ಇಂಡಿಕೇಟರ್ ಇದ್ದರೆ ಅಂಕಿಯೂ ಸಿಗುತ್ತದೆ: 0.002 ಇಂಚಿನೊಳಗೆ ಇದ್ದರೆ ಚೆನ್ನ, 0.005 ದಾಟಿದರೆ ಬೆಡ್ಡಿಂಗ್ (ಆಕ್ಷನ್ ಕೂರುವ ಹಾಸನ್ನು ಎಪಾಕ್ಸಿಯಿಂದ ಅದರ ಆಕಾರಕ್ಕೇ ಹೊಂದಿಸುವುದು) ಬೇಕೇ ಬೇಕು.

ಮೂರನೆಯದು ಕಾಗದದ ಮೇಲೆ. ಮ್ಯಾಗಜಿನ್ ಮುಂದೆಯೇ ಮರಳುಚೀಲ ಇಟ್ಟು ಒಂದು ಗುಂಪು, ಫೋರ್‌ಎಂಡ್ ತುದಿಯ ಬೈಪಾಡ್ ಮೇಲೆ ಇನ್ನೊಂದು ಗುಂಪು, ಅದೇ ಗುಂಡು, ಅದೇ ಗುರಿ. ಗುಂಪುಗಳ ಅಗಲಕ್ಕಿಂತ ಅವುಗಳ ನಡುವಿನ ಅಂತರ ಮುಖ್ಯ. ಇಲ್ಲಿ ಬೈಪಾಡ್ ಗುಂಪು ಒಂದೂವರೆ ಎಂಒಎ ಮೇಲಕ್ಕೆ ಹೋಗಿತ್ತು, ಎರಡೂ ಗುಂಪಿನ ಗಾತ್ರ ಹೆಚ್ಚುಕಡಿಮೆ ಒಂದೇ. ಅಂದರೆ ಬ್ಯಾರೆಲ್ ಒಳ್ಳೆಯದೇ, ಸ್ಟಾಕ್ ಮಾತ್ರ ಹೇಗೆ ಹಿಡಿದರೆ ಹಾಗೆ ಗುರಿ ಬದಲಿಸುತ್ತಿದೆ.

ಕಾಸಿಲ್ಲದ ದುರಸ್ತಿಯನ್ನು ಮೊದಲು ಪ್ರಯತ್ನಿಸಬೇಕು. ಸರಿಯಾದ ದಪ್ಪದ ಸಾಕೆಟ್‌ಗೆ ಉಪ್ಪುಕಾಗದ ಸುತ್ತಿ ಬ್ಯಾರೆಲ್ ಕಾಲುವೆಯನ್ನು ಅಗಲಿಸುವುದು ಅರ್ಧ ಗಂಟೆಯ ಕೆಲಸ. ಫೋರ್‌ಎಂಡ್ ಒಳಗಿನ ಗೂಡುಗಳಲ್ಲಿ ಕಾರ್ಬನ್ ಬಾಣದ ತುಂಡು ಇಟ್ಟು ಎಪಾಕ್ಸಿ ತುಂಬಿದರೆ ಬಾಗುವುದು ಬಹುಪಾಲು ನಿಲ್ಲುತ್ತದೆ, ತೂಕ ಸ್ವಲ್ಪ ಏರುತ್ತದೆ. ಈ ಪ್ಲಾಸ್ಟಿಕ್‌ಗೆ ಎಪಾಕ್ಸಿ ಸುಲಭವಾಗಿ ಅಂಟುವುದಿಲ್ಲ. ಒರಟು ಮಾಡಿ, ಓರೆಯಾಗಿ ಸಣ್ಣ ತೂತು ಕೊರೆದು ಹಿಡಿತ ಕೊಡಬೇಕು. ಪಿಲ್ಲರ್ (ಸ್ಕ್ರೂ ಸುತ್ತ ಭಾರ ಹೊರುವ ಲೋಹದ ಕೊಳವೆ) ಇಲ್ಲದ ಪ್ಲಾಸ್ಟಿಕ್‌ಗೆ ಆಕ್ಷನ್ ಸ್ಕ್ರೂ 45 ಇಂಚು-ಪೌಂಡ್ ಮೀರಬಾರದು, ಪ್ಲಾಸ್ಟಿಕ್ ಒಳಗೇ ಕುಸಿಯುತ್ತದೆ. ಬರೀ ಬೇಟೆಗೆ, ಬೈಪಾಡ್ ಇಲ್ಲದೆ ಬಳಸುವವರು ಇಲ್ಲಿಗೇ ನಿಲ್ಲಿಸಬಹುದು, ಉಳಿದ ದುಡ್ಡಿಗೆ ಗುಂಡು ಕೊಳ್ಳಬಹುದು. ಹೆಚ್ಚಿನವರಿಗೆ ನನ್ನ ಸಲಹೆ ಅದೇ.

ಆದರೂ ಸ್ಟಾಕ್ ಬದಲಿಸಲು ನನ್ನ ಮಟ್ಟಿಗೆ ನಿಜವಾದ ಕಾರಣ ಮೈಕಟ್ಟು. ಕಾರ್ಖಾನೆಯ ಸ್ಟಾಕ್‌ಗಳ ಉದ್ದ, ಅಂದರೆ ಟ್ರಿಗರ್‌ನಿಂದ ಬುಡದವರೆಗಿನ ಅಳತೆ, ಸಾಮಾನ್ಯವಾಗಿ 13.5 ಇಂಚು ಅಥವಾ ಸ್ವಲ್ಪ ಹೆಚ್ಚು. ಐದೂವರೆ ಅಡಿ ಎತ್ತರದವರು ಚಳಿಗಾಲದ ಜಾಕೆಟ್ ಹಾಕಿಕೊಂಡು ಅದನ್ನು ಹಿಡಿದರೆ ಕತ್ತು ಚಾಚಬೇಕಾಗುತ್ತದೆ. 12.5ರಿಂದ 13 ಅವರಿಗೆ ಹಿತ. ಕೆನ್ನೆ ಕೂರುವ ಕೂಂಬ್ ಇನ್ನೂ ಮುಖ್ಯ. 50 ಮಿಮೀ ಗಾಜಿನ ಸ್ಕೋಪ್ ಎತ್ತರದ ರಿಂಗ್‌ನಲ್ಲಿ ಕೂತಾಗ ಕೆನ್ನೆ ಸ್ಟಾಕ್‌ಗೆ ತಾಗುವುದೇ ಇಲ್ಲ, ಗಲ್ಲ ಊರಿ ನೋಡಬೇಕಾಗುತ್ತದೆ. ಕಣ್ಣು ಪ್ರತಿ ಸಲ ಬೇರೆ ಜಾಗದಲ್ಲಿದ್ದರೆ ಪ್ಯಾರಲಾಕ್ಸ್‌ನಿಂದ ಗುರಿ ಸರಿಯುತ್ತದೆ. ಇದಕ್ಕೆ ಎಪಾಕ್ಸಿಯಲ್ಲಿ ಮದ್ದಿಲ್ಲ.

ಆಯ್ಕೆಗಳನ್ನು ಅವುಗಳ ಒಳಗಿರುವ ವಸ್ತುವಿನಿಂದ ನೋಡುವುದು ಸರಿ. ದಕ್ಷಿಣ ಡಕೋಟದ ಮಿಚೆಲ್ ಊರಿನ ಬಾಯ್ಡ್ಸ್ ಮಾಡುವ ಲ್ಯಾಮಿನೇಟ್ ಮರ ಗಟ್ಟಿ, ಚೆಂದ, ಅಗ್ಗ. ತೂಕ ಹೆಚ್ಚು, ಪಿಲ್ಲರ್ ಮತ್ತು ಬೆಡ್ಡಿಂಗ್ ನಾವೇ ಹಾಕಿಕೊಳ್ಳಬೇಕು, ಒಳಗಿನ ಕೊರೆತಕ್ಕೂ ವಾರ್ನಿಷ್ ಬಳಿಯಬೇಕು. ತೇವಕ್ಕೆ ಮರ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಮರೀನ್ ಪಡೆಯ ಸ್ನೈಪರ್ ರೈಫಲ್ ಎಂ40 ಸಾಕ್ಷಿ. 1966ರಲ್ಲಿ ಬಂದ ಆ 700 ರೈಫಲ್‌ನ ಮರದ ಸ್ಟಾಕ್ ವಿಯೆಟ್ನಾಂ ತೇವದಲ್ಲಿ ಉಬ್ಬಿ ಸೊಟ್ಟಗಾಗಿ, 70ರ ದಶಕದ ಎಂ40ಎ1ಗೆ ಮ್ಯಾಕ್‌ಮಿಲನ್ ಫೈಬರ್‌ಗ್ಲಾಸ್ ಸ್ಟಾಕ್ ಬಂತು. ಮಡಿಕೇರಿ ಮಳೆಗಾಲದಲ್ಲಿ ಬಾಗಿಲು ಹಾಕಲು ಹೆಣಗಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಎಚ್-ಎಸ್ ಪ್ರಿಸಿಷನ್, ಬೆಲ್ ಅಂಡ್ ಕಾರ್ಲ್‌ಸನ್ ಸ್ಟಾಕ್‌ಗಳಲ್ಲಿ ಅಲ್ಯುಮಿನಿಯಂ ಬೆಡ್ಡಿಂಗ್ ಬ್ಲಾಕ್ ಒಳಗೇ ಎರಕವಾಗಿರುತ್ತದೆ. 1988ರಲ್ಲಿ ಅಮೆರಿಕದ ಸೇನೆ ತೆಗೆದುಕೊಂಡ ಸ್ನೈಪರ್ ರೈಫಲ್ ಎಂ24ರ ಸ್ಟಾಕ್ ಎಚ್-ಎಸ್ ಅವರದೇ. ಹೋಗ್ ರಬ್ಬರ್ ಹೊದಿಕೆಯ ಸ್ಟಾಕ್ ಎರಡು ಬಗೆಯಲ್ಲಿ ಸಿಗುತ್ತದೆ. ಬರೀ ಪಿಲ್ಲರ್ ಇರುವುದರ ಫೋರ್‌ಎಂಡ್ ಬಾಗುತ್ತದೆ, ಪೂರ್ಣ ಉದ್ದದ ಅಲ್ಯುಮಿನಿಯಂ ಬ್ಲಾಕ್ ಇರುವುದೇ ಬೇಕು. ಮ್ಯಾಗ್‌ಪುಲ್ ಹಂಟರ್ 700ರಲ್ಲಿ ಪಾಲಿಮರ್ ಮೈ, ಅಲ್ಯುಮಿನಿಯಂ ಬ್ಲಾಕ್, ಉದ್ದ ಬದಲಿಸಲು ಸ್ಪೇಸರ್‌ಗಳು; ಕೆಆರ್‌ಜಿ ಬ್ರಾವೊದಲ್ಲಿ ಅಲ್ಯುಮಿನಿಯಂ ಬೆನ್ನೆಲುಬು ಉದ್ದಕ್ಕೂ ಇದೆ, ಕೂಂಬ್ ಏರಿಳಿಯುತ್ತದೆ. ಸ್ಟಾಕ್ ಬದಲು ಬಳಸುವ ಪೂರ್ತಿ ಲೋಹದ ಚೌಕಟ್ಟುಗಳು, ಅಂದರೆ ಷಾಸಿಗಳು, ಸ್ಪರ್ಧೆಗೆ ಸರಿ. ಭುಜದ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ, ಜನವರಿಯಲ್ಲಿ ಬರಿಗೈಯಲ್ಲಿ ಹಿಡಿಯುವವರಿಗೆ ಅಲ್ಲ. ಬೆನ್ನೆಲುಬು ಮತ್ತು ಏರಿಳಿಯುವ ಕೂಂಬ್ ಎರಡೂ ಬೇಕಿದ್ದರಿಂದ ಕೊನೆಯಲ್ಲಿ ಆರಿಸಿದ್ದು ಬ್ರಾವೊ ಬಗೆಯದು.

ಆರ್ಡರ್ ಮಾಡುವಾಗ ತಪ್ಪುವುದು ಇಲ್ಲಿ: ಶಾರ್ಟ್ ಅಥವಾ ಲಾಂಗ್ ಆಕ್ಷನ್, ಬಲಗೈ ಅಥವಾ ಎಡಗೈ, ಬ್ಯಾರೆಲ್ ದಪ್ಪ, ಮತ್ತು ಕೆಳಗಿನ ಲೋಹ ಎಡಿಎಲ್ (ತಳ ಮುಚ್ಚಿದ) ಬಗೆಯೇ, ಬಿಡಿಎಲ್ (ತಳಕ್ಕೆ ತೆರೆಯುವ ಮುಚ್ಚಳದ) ಬಗೆಯೇ, ಕಳಚಿ ತೆಗೆಯುವ ಎಐಸಿಎಸ್ ಮ್ಯಾಗಜಿನ್ನಿನದೇ. ಇವುಗಳಲ್ಲಿ ಒಂದು ತಪ್ಪಿದರೂ ಸ್ಟಾಕ್ ಕೂರುವುದಿಲ್ಲ. 700 ನಮೂನೆ ಎಂದು ಹೇಳಿಕೊಳ್ಳುವ ಆಕ್ಷನ್‌ಗಳಲ್ಲಿ ಬೋಲ್ಟ್ ಬಿಡುಗಡೆಯ ಗುಂಡಿ ಬೇರೆ ಕಡೆ ಇರಬಹುದು, ರಿಕಾಯಿಲ್ ಲಗ್ ದಪ್ಪ ಬೇರೆ ಇರಬಹುದು. ಇವನ್ನು ಮೊದಲೇ ಕ್ಯಾಲಿಪರ್‌ನಿಂದ ಅಳೆದಿಟ್ಟುಕೊಳ್ಳಬೇಕು.

ಕೂರಿಸುವಾಗ ಆಕ್ಷನ್ ಇಳಿಸಿ, ಎರಡೂ ಸ್ಕ್ರೂ ಕೈಯಿಂದ ತಿರುಗಿಸಿ, ರೈಫಲ್ ಬುಡವನ್ನು ಚಾಪೆಯ ಮೇಲೆ ಮೆಲ್ಲಗೆ ಕುಟ್ಟಿದರೆ ರಿಕಾಯಿಲ್ ಲಗ್ ಹಿಂದಕ್ಕೆ ಸರಿದು ತನ್ನ ಗೋಡೆಗೆ ಕೂರುತ್ತದೆ. ಇದನ್ನು ಮಾಡದಿದ್ದರೆ ಆ ಕೆಲಸವನ್ನು ಮೊದಲ ಹತ್ತು ಗುಂಡುಗಳ ಒದೆತ ಮಾಡುತ್ತದೆ, ಅಷ್ಟರವರೆಗೆ ಗುರಿ ಅಲೆಯುತ್ತಿರುತ್ತದೆ. ಆಮೇಲೆ ಮುಂದಿನ ಸ್ಕ್ರೂ, ನಂತರ ಹಿಂದಿನದು, ಹಂತಹಂತವಾಗಿ 65 ಇಂಚು-ಪೌಂಡ್‌ವರೆಗೆ; ಅಲ್ಯುಮಿನಿಯಂ ಬ್ಲಾಕ್‌ಗೆ ಇದು ರೂಢಿಯ ಅಳತೆ, ತಯಾರಕರು ಬೇರೆ ಹೇಳಿದ್ದರೆ ಅದೇ ಅಂತಿಮ. ಸ್ಕ್ರೂಗಳು 1/4-28 ಎಳೆಯವು. ಪ್ರತಿ ಹಂತದಲ್ಲೂ ಬೋಲ್ಟ್ ಮುಚ್ಚಿ ತೆರೆದು ನೋಡಬೇಕು. ಬಿಗಿದಂತೆ ಬೋಲ್ಟ್ ಗಡುಸಾದರೆ ಮುಂದಿನ ಸ್ಕ್ರೂ ಉದ್ದವಾಗಿ ಬೋಲ್ಟ್ ಲಗ್‌ಗೆ ತಾಗುತ್ತಿದೆ. ಹಿಂದಿನದು ಉದ್ದವಾದರೆ ಬೋಲ್ಟ್ ಮೈಗೇ ತಾಗುತ್ತದೆ. ಎಳೆ ಉಳಿಸಿಕೊಂಡು ತುದಿ ಉಜ್ಜಿ ಗಿಡ್ಡ ಮಾಡಿದರೆ ಮುಗಿಯಿತು. ಮ್ಯಾಗಜಿನ್ ಡಬ್ಬಿ ಇರುವ ಮಾದರಿಯಲ್ಲಿ ಸ್ಕ್ರೂ ಬಿಗಿದ ಮೇಲೂ ಡಬ್ಬಿ ಕೊಂಚ ಅಲುಗಾಡಬೇಕು. ಅಲುಗದಿದ್ದರೆ ಆಕ್ಷನ್ ಕೂತಿರುವುದು ಬೆಡ್ಡಿಂಗ್ ಮೇಲಲ್ಲ, ಡಬ್ಬಿಯ ಮೇಲೆ. ನಿಖರತೆ ಕೆಡಿಸುವ ಈ ಕಾರಣವನ್ನು ಬಹಳ ಜನ ನೋಡುವುದೇ ಇಲ್ಲ. ಕೊನೆಗೆ ಚೇಂಬರ್ ಖಾಲಿ ಇಟ್ಟುಕೊಂಡು ಸೇಫ್ಟಿ ಪರೀಕ್ಷೆ: ಸೇಫ್ ಮಾಡಿ ಟ್ರಿಗರ್ ಎಳೆದು ಬಿಟ್ಟು, ಸೇಫ್ಟಿ ತೆಗೆದಾಗ ಪಿನ್ ಬೀಳಬಾರದು. ಬೋಲ್ಟ್ ಜೋರಾಗಿ ಮುಚ್ಚಿದಾಗಲೂ ಬೀಳಬಾರದು. ಸ್ಟಾಕ್‌ನ ಕೊರೆತ ಟ್ರಿಗರ್ ಅಥವಾ ಸೇಫ್ಟಿ ಸನ್ನೆಗೆ ಉಜ್ಜುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಹೊಸ ಸ್ಟಾಕ್‌ನಲ್ಲಿ ಅದೇ ಮೂರು ಪರೀಕ್ಷೆ ಮತ್ತೆ. ನೋಟು ಬೈಪಾಡ್ ಭಾರದಲ್ಲೂ ಓಡಿತು, ಇಂಡಿಕೇಟರ್ ಮುಳ್ಳು 0.002ರೊಳಗೆ ನಿಂತಿತು, ಮರಳುಚೀಲದ ಗುಂಪೂ ಬೈಪಾಡ್ ಗುಂಪೂ ಒಂದರ ಮೇಲೊಂದು ಬಿದ್ದವು. ಗುಂಪಿನ ಗಾತ್ರ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅಂಗಡಿಯ ಜಾಹೀರಾತು ಹೇಳುವುದು ಇದಕ್ಕೆ ತದ್ವಿರುದ್ಧ. ಇಂಡಿಕೇಟರ್ ಮುಳ್ಳು ಹೆಚ್ಚು ಓಡಿದ್ದರೆ ಬ್ಲಾಕ್ ಮೇಲೆ ತೆಳುವಾಗಿ ಮರೀನ್-ಟೆಕ್ಸ್ ಅಥವಾ ಡೆವ್‌ಕಾನ್ ಎಪಾಕ್ಸಿ ಬಳಿದು ಬೆಡ್ಡಿಂಗ್ ಮಾಡಬೇಕಿತ್ತು: ರಿಕಾಯಿಲ್ ಲಗ್‌ನ ಮುಂದೆ, ಬದಿ, ತಳಕ್ಕೆ ಟೇಪ್ ಅಂಟಿಸಿ ಹಿಂಬದಿಯನ್ನು ಮಾತ್ರ ಬಿಡುವುದು, ತೂತುಗಳಿಗೆ ಜೇಡಿಮಣ್ಣು ತುಂಬುವುದು, ಆಕ್ಷನ್‌ನ ಲೋಹಕ್ಕೆಲ್ಲ ಬಣ್ಣವಿಲ್ಲದ ಶೂ ಪಾಲಿಶ್ ಎರಡು ಸಲ ಹಚ್ಚುವುದು, 24 ಗಂಟೆ ಬಿಡುವುದು. ಪಾಲಿಶ್ ಒಂದು ಕಡೆ ತಪ್ಪಿದರೂ ಆಕ್ಷನ್ ಸ್ಟಾಕ್‌ಗೆ ಶಾಶ್ವತವಾಗಿ ಅಂಟುತ್ತದೆ.

ಮೊದಲ 20 ಗುಂಡಿನ ನಂತರ ಸ್ಕ್ರೂಗಳ ಟಾರ್ಕ್ ಮತ್ತೆ ನೋಡಿ, ಸ್ಕ್ರೂ ತಲೆಗೂ ಲೋಹಕ್ಕೂ ಸೇರಿಸಿ ಬಣ್ಣದ ಪೆನ್ನಿನಿಂದ ಗೆರೆ ಎಳೆದಿಟ್ಟೆ. ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಹಳೆಯ ಸ್ಟಾಕ್ ಅನ್ನು ಅದರ ಸ್ಕ್ರೂಗಳ ಜೊತೆಗೇ ಕಪಾಟಿನಲ್ಲಿ ಇಡುವುದು ಲೇಸು, ವಾರಂಟಿಗೆ ಕಳಿಸುವಾಗ ರೈಫಲ್ ಮೂಲ ರೂಪದಲ್ಲೇ ಬೇಕೆಂದು ಕೇಳುವುದುಂಟು.